ಪೋಕರ್‌ನಲ್ಲಿ ಗೆಲ್ಲುತ್ತಿದ್ದೀರಾ, ಇಲ್ಲ ಸುಮ್ನೆ ಹಾಗನ್ನಿಸುತ್ತಿದೆಯಾ?

ಆನ್‌ಲೈನ್ ಪೋಕರ್ ಆಡುವವರನ್ನು ‘ಹೇಗಿದೆ ಆಟ?’ ಅಂತ ಕೇಳಿ ನೋಡಿ. ‘ಒಟ್ಟಿನಲ್ಲಿ ಲಾಭದಲ್ಲೇ ಇದ್ದೀನಿ’ ಅನ್ನುವವರೇ ಜಾಸ್ತಿ. ಆದರೆ ಎಲ್ಲರೂ ಲಾಭದಲ್ಲಿರುವುದಂತೂ ಸಾಧ್ಯವಿಲ್ಲ. ಪೋಕರ್ ಟೇಬಲ್‌ನಲ್ಲಿ ದುಡ್ಡು ಹುಟ್ಟುವುದಿಲ್ಲ. ಒಬ್ಬರ ಜೇಬಿನಿಂದ ಇನ್ನೊಬ್ಬರ ಜೇಬಿಗೆ ಹೋಗುತ್ತದೆ, ಹೋಗುವ ದಾರಿಯಲ್ಲಿ ಸೈಟ್ ತನ್ನ ಪಾಲು ಮುರಿದುಕೊಳ್ಳುತ್ತದೆ. ಹಾಗಾಗಿ ಆಡುವವರ ಲೆಕ್ಕವನ್ನೆಲ್ಲ ಕೂಡಿಸಿದರೆ ಬರುವುದು ನಷ್ಟವೇ.

ಈ ಪಾಲಿಗೆ ರೇಕ್ ಅನ್ನುತ್ತಾರೆ. ಕ್ಯಾಶ್ ಗೇಮ್‌ನಲ್ಲಿ, ಅಂದರೆ ಪ್ರತಿ ಸಲ ನೇರ ದುಡ್ಡಿಟ್ಟು ಆಡುವ ಆಟದಲ್ಲಿ, ಅದು ಸಾಮಾನ್ಯವಾಗಿ ಪಾಟ್‌ನ (ಆ ಸಲ ಎಲ್ಲರೂ ಹಾಕಿದ ಒಟ್ಟು ದುಡ್ಡಿನ) ಶೇ. 5ರ ಆಸುಪಾಸು, ಮೇಲೊಂದು ಗರಿಷ್ಠ ಮಿತಿ. ಸಣ್ಣ ಸ್ಟೇಕ್‌ಗಳಲ್ಲಿ, ಅಂದರೆ ಕಡಿಮೆ ಪಣದ ಟೇಬಲ್‌ಗಳಲ್ಲಿ, ಪಾಟ್ ಆ ಮಿತಿಯವರೆಗೆ ಬೆಳೆಯುವುದೇ ಅಪರೂಪ. ಹೀಗಾಗಿ ಅಲ್ಲಿ ರೇಕ್‌ನ ಪೆಟ್ಟು ಜೋರು. ಟೂರ್ನಮೆಂಟ್‌ನಲ್ಲಾದರೆ ಪ್ರವೇಶದ ಜೊತೆಗೇ ಶುಲ್ಕ ಕಟ್ಟಿಸಿಕೊಳ್ಳುತ್ತಾರೆ. ಅಂದರೆ ಎದುರಿಗೆ ಕೂತವರಿಗಿಂತ ಚೆನ್ನಾಗಿ ಆಡಿದರೆ ಸಾಲದು. ರೇಕ್ ಕಳೆದ ಮೇಲೂ ಏನಾದರೂ ಉಳಿಯುವಷ್ಟು ಚೆನ್ನಾಗಿ ಆಡಬೇಕು. ಟೇಬಲ್‌ನಲ್ಲಿ ಎರಡನೇ ಒಳ್ಳೆಯ ಆಟಗಾರ ನೀವೇ ಆಗಿದ್ದೂ ವರ್ಷದ ಕೊನೆಗೆ ಕೈ ಖಾಲಿ ಆಗಬಹುದು.

ಇಲ್ಲಿ ಎರಡು ಪ್ರಶ್ನೆಗಳಿವೆ. ನನಗೆ ಇಲ್ಲಿಯವರೆಗೆ ದುಡ್ಡು ಬಂದಿದೆಯಾ? ನಾನು ಸತತವಾಗಿ ಗೆಲ್ಲುವಂಥ ಆಟಗಾರನಾ? ಎರಡೂ ಒಂದೇ ಅಂತ ಅನ್ನಿಸುತ್ತದೆ, ಆದರೆ ಮೊದಲನೆಯದು ಬರೀ ಜಮಾ-ಖರ್ಚು. ಸೈಟ್‌ಗೆ ಹಾಕಿದ್ದೆಷ್ಟು, ವಾಪಸ್ ಬ್ಯಾಂಕಿಗೆ ಬಂದದ್ದೆಷ್ಟು, ಈಗ ಖಾತೆಯಲ್ಲಿರುವುದೆಷ್ಟು, ಅಷ್ಟೇ. ಖಾತೆಯ ಮೊತ್ತ ಒಂದನ್ನೇ ನೋಡುವವರು ಹೋದ ತಿಂಗಳು ಎರಡು ಸಲ ಹಾಕಿದ ದುಡ್ಡನ್ನು ಮರೆತಿರುತ್ತಾರೆ. ಸಾಫ್ಟ್‌ವೇರ್‌ಗೆ ಕೊಟ್ಟದ್ದು, ವಿತ್‌ಡ್ರಾ ಶುಲ್ಕ, ತೆರಿಗೆ ಎಲ್ಲ ಕಳೆಯಬೇಕು. ಬೋನಸ್, ರೇಕ್‌ಬ್ಯಾಕ್ (ರೇಕ್‌ನಲ್ಲಿ ಸೈಟ್ ವಾಪಸ್ ಕೊಡುವ ಪಾಲು) ಸೇರಿಸಬೇಕು, ಆದರೆ ಬೇರೆ ಸಾಲಿನಲ್ಲಿ ಬರೆದಿಡಬೇಕು. ಏಕೆಂದರೆ ಸೈಟ್ ನಾಳೆ ಆ ಯೋಜನೆ ನಿಲ್ಲಿಸಿದರೆ ಉಳಿಯುವುದು ನಿಮ್ಮ ಆಟ ಮಾತ್ರ.

ಎರಡನೆಯ ಪ್ರಶ್ನೆಯೇ ಕಷ್ಟದ್ದು. ಅದಕ್ಕೆ ಮೊದಲು ಅಳತೆಗೋಲು ಸರಿಮಾಡಿಕೊಳ್ಳೋಣ.

ಕ್ಯಾಶ್ ಗೇಮ್‌ನಲ್ಲಿ ಗೆಲುವನ್ನು ಅಳೆಯುವುದು ‘100 ಹ್ಯಾಂಡ್‌ಗೆ ಎಷ್ಟು ಬಿಗ್ ಬ್ಲೈಂಡ್’ ಅನ್ನುವ ಲೆಕ್ಕದಲ್ಲಿ. (ಹ್ಯಾಂಡ್ ಅಂದರೆ ಎಲೆ ಹಂಚಿ ಪಾಟ್ ಯಾರಿಗೋ ಸೇರುವವರೆಗಿನ ಒಂದು ಆಟ. ಎಲೆ ನೋಡುವ ಮೊದಲೇ ಸರದಿಯಂತೆ ಒಬ್ಬರು ಹಾಕಲೇಬೇಕಾದ ಮೊತ್ತ ಬಿಗ್ ಬ್ಲೈಂಡ್, ಪಕ್ಕದವರು ಹಾಕುವ ಅದರ ಅರ್ಧ ಸ್ಮಾಲ್ ಬ್ಲೈಂಡ್. ಮುಂದೆ ಬರೀ ಬ್ಲೈಂಡ್ ಅಂದರೆ ಬಿಗ್ ಬ್ಲೈಂಡ್ ಅಂತಲೇ ತಿಳಿಯಿರಿ.) ದುಡ್ಡಿನಲ್ಲೇ ಯಾಕೆ ಅಳೆಯಬಾರದು? ಒಬ್ಬ ಸಣ್ಣ ಸ್ಟೇಕ್‌ನಲ್ಲಿ 40,000 ಹ್ಯಾಂಡ್ ಆಡಿದ, 100ಕ್ಕೆ 4 ಬ್ಲೈಂಡ್‌ನಂತೆ ಸೋತ. ಒಟ್ಟು ನಷ್ಟ 1,600 ಬ್ಲೈಂಡ್. ಒಂದು ರಾತ್ರಿ ಹುಮ್ಮಸ್ಸಿಗೆ 20 ಪಟ್ಟು ದೊಡ್ಡ ಟೇಬಲ್‌ಗೆ ಹೋಗಿ ಕೂತ. ಒಂದೇ ಒಂದು ಹ್ಯಾಂಡ್‌ನಲ್ಲಿ ಎದುರಾಳಿಯ 100 ಬ್ಲೈಂಡ್ ಪೂರ್ತಿ ಗೆದ್ದು ಎದ್ದುಬಂದ. ಅವನ ಹಳೆಯ ಲೆಕ್ಕದಲ್ಲಿ ಅದು 2,000 ಬ್ಲೈಂಡ್. ಈಗ ಖಾತೆ 400 ಬ್ಲೈಂಡ್ ಲಾಭ ತೋರಿಸುತ್ತಿದೆ. 40,000 ಹ್ಯಾಂಡ್‌ಗಳಲ್ಲಿ ಸಿಕ್ಕ ಸಾಕ್ಷ್ಯವೆಲ್ಲ ಒಂದು ಹ್ಯಾಂಡ್‌ನ ಕೆಳಗೆ ಮುಚ್ಚಿಹೋಯಿತು. ಬ್ಲೈಂಡ್ ಲೆಕ್ಕದಲ್ಲಿ, ಅದೂ ಸ್ಟೇಕ್‌ವಾರು ಬೇರೆಬೇರೆಯಾಗಿ ನೋಡಿದರೆ ಈ ಮೋಸ ನಡೆಯುವುದಿಲ್ಲ.

ಏರಿಳಿತದ ಲೆಕ್ಕ

ಇನ್ನು ಮುಖ್ಯ ವಿಷಯಕ್ಕೆ ಬರೋಣ. ಆರು ಜನರ ನೋ ಲಿಮಿಟ್ ಹೋಲ್ಡೆಮ್ (ಮುಂದಿರುವಷ್ಟೂ ದುಡ್ಡನ್ನು ಪಣಕ್ಕಿಡಬಹುದಾದ ಪೋಕರ್ ಬಗೆ) ಟೇಬಲ್‌ನಲ್ಲಿ ಒಬ್ಬ ಒಳ್ಳೆಯ ಆಟಗಾರ 100 ಹ್ಯಾಂಡ್‌ಗೆ 3ರಿಂದ 5 ಬ್ಲೈಂಡ್ ಗೆದ್ದರೆ ಅದು ಚೆನ್ನಾದ ಗೆಲುವೇ. ಆದರೆ ಅದೇ 100 ಹ್ಯಾಂಡ್‌ಗಳಲ್ಲಿ ಫಲಿತಾಂಶ ಮೇಲೆ-ಕೆಳಗೆ ಓಡಾಡುವ ಅಳತೆ, ಅಂದರೆ ಸ್ಟ್ಯಾಂಡರ್ಡ್ ಡೀವಿಯೇಷನ್, ಸುಮಾರು 80ರಿಂದ 120 ಬ್ಲೈಂಡ್. ಲೆಕ್ಕಕ್ಕೆ ಸುಲಭವಾಗಲಿ ಅಂತ 100 ಎಂದೇ ಇಟ್ಟುಕೊಳ್ಳೋಣ. ನಾವು ಹುಡುಕುತ್ತಿರುವುದು 3 ಬ್ಲೈಂಡ್, ಅದರ ಸುತ್ತ ಎದ್ದಿರುವ ಧೂಳು 100 ಬ್ಲೈಂಡ್. ಇದಿಷ್ಟು ಮನಸ್ಸಿನಲ್ಲಿದ್ದರೆ ಅರ್ಧ ಕೆಲಸ ಆದಂತೆ.

ಹ್ಯಾಂಡ್‌ಗಳು ಹೆಚ್ಚಾದಂತೆ ಧೂಳು ಇಳಿಯುತ್ತದೆ, ಆದರೆ ತುಂಬ ನಿಧಾನ. ಎಷ್ಟು 100-ಹ್ಯಾಂಡ್‌ಗಳ ಕಟ್ಟು ಆಡಿದ್ದೀರೋ ಅದರ ವರ್ಗಮೂಲದಿಂದ ಏರಿಳಿತವನ್ನು ಭಾಗಿಸಬೇಕು. 10,000 ಹ್ಯಾಂಡ್ ಅಂದರೆ 100 ಕಟ್ಟು, ವರ್ಗಮೂಲ 10. ಹಾಗಾಗಿ ಅನಿಶ್ಚಿತತೆ 10 ಬ್ಲೈಂಡ್. 100ಕ್ಕೆ 95 ಪಾಲು ಭರವಸೆ ಬೇಕಾದರೆ ಅದರ ಎರಡರಷ್ಟು ಹಿಡಿಯಬೇಕು, ಅಂದರೆ ಆಚೆಗೆ 20, ಈಚೆಗೆ 20. ನಿಮ್ಮ ಗೆಲುವು-ಸೋಲಿನ ಗ್ರಾಫ್ ಈಗ ‘100ಕ್ಕೆ 6 ಬ್ಲೈಂಡ್ ಗೆಲುವು’ ಅಂತ ತೋರಿಸುತ್ತಿದ್ದರೆ, ನಿಜವಾದ ಆಟ 14 ಬ್ಲೈಂಡ್ ಸೋಲಿನಿಂದ 26 ಬ್ಲೈಂಡ್ ಗೆಲುವಿನವರೆಗೆ ಎಲ್ಲಿಯಾದರೂ ಇರಬಹುದು. ಏನೂ ಹೇಳಿದಂತಾಗಲಿಲ್ಲ, ಅಲ್ವಾ?

1 ಲಕ್ಷ ಹ್ಯಾಂಡ್ ಆಡಿದರೆ ಆಚೀಚೆ 6 ಬ್ಲೈಂಡ್‌ಗೆ ಇಳಿಯುತ್ತದೆ. 10 ಲಕ್ಷಕ್ಕೆ 2. ಹತ್ತು ಪಟ್ಟು ಹೆಚ್ಚು ಆಡಿದರೂ ಸಿಗುವ ಸ್ಪಷ್ಟತೆ ಮೂರು ಪಟ್ಟು ಮಾತ್ರ.

ಇದನ್ನೇ ತಿರುಗಿಸಿ ನೋಡಿದರೆ ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ. ಲಾಭವೂ ಇಲ್ಲದ, ನಷ್ಟವೂ ಇಲ್ಲದ 100 ಆಟಗಾರರನ್ನು ತಂದು ಕೂರಿಸಿ. ತಲಾ 20,000 ಹ್ಯಾಂಡ್ ಆಡಿಸಿ. ಅವರಲ್ಲಿ ಸುಮಾರು 24 ಮಂದಿಯ ಗ್ರಾಫ್ 100ಕ್ಕೆ 5 ಬ್ಲೈಂಡ್ ಅಥವಾ ಅದಕ್ಕಿಂತ ಜಾಸ್ತಿ ಗೆಲುವು ತೋರಿಸುತ್ತದೆ. ಅವರಿಗೆ ಯಾವ ಕೈಚಳಕವೂ ಇಲ್ಲ. ಕಾಗೆ ಕೂತದ್ದಕ್ಕೂ ಟೊಂಗೆ ಮುರಿದದ್ದಕ್ಕೂ ಸರಿಹೋಯಿತು, ಅಷ್ಟೇ. ಆದರೆ ತಮ್ಮ ಗ್ರಾಫನ್ನು ನಾಲ್ಕು ಜನಕ್ಕೆ ತೋರಿಸಿಕೊಂಡು ಓಡಾಡುವವರು ಇವರೇ. ಇನ್ನೊಂದು ಕಡೆ, ನಿಜಕ್ಕೂ 3 ಬ್ಲೈಂಡ್ ಗೆಲ್ಲುವ ತಾಕತ್ತಿರುವ 100 ಜನರನ್ನು 50,000 ಹ್ಯಾಂಡ್ ಆಡಿಸಿದರೆ, ಸುಮಾರು 25 ಮಂದಿ ಅಷ್ಟಾದ ಮೇಲೂ ನಷ್ಟದಲ್ಲೇ ಇರುತ್ತಾರೆ. ಅವರಲ್ಲಿ ಎಷ್ಟೋ ಜನ ‘ಇದು ನಮಗೆ ಆಗಿಬರಲ್ಲ’ ಅಂತ ಎದ್ದು ಹೋಗಿರುತ್ತಾರೆ.

ಆನ್‌ಲೈನ್‌ನಲ್ಲಿ ಒಂದು ಅನುಕೂಲ ಉಂಟು. ನಾಲ್ಕು ಟೇಬಲ್ ತೆರೆದು ಕೂತರೆ ಗಂಟೆಗೆ 300 ಹ್ಯಾಂಡ್ ಆಗುತ್ತದೆ. 1 ಲಕ್ಷ ಮುಟ್ಟಲು ಸುಮಾರು 330 ಗಂಟೆ ಸಾಕು. ಕ್ಯಾಸಿನೊದ ಟೇಬಲ್‌ನಲ್ಲಿ ಗಂಟೆಗೆ 25-30 ಹ್ಯಾಂಡ್, ಅಷ್ಟೇ. ಅಲ್ಲಿ 1 ಲಕ್ಷ ಆಗಬೇಕಾದರೆ 3,000 ಗಂಟೆಯೂ ಸಾಲದು. ಅಲ್ಲಿ ಆಡುವ ಬಹುಪಾಲು ಜನಕ್ಕೆ ತಾವು ಗೆಲ್ಲುವವರಾ ಸೋಲುವವರಾ ಅನ್ನುವುದು ಅಂಕಿಗಳಿಂದ ಎಂದೂ ಗೊತ್ತಾಗುವುದಿಲ್ಲ.

ಗ್ರಾಫ್‌ಗೂ ಮೊದಲು ಗೊತ್ತಿರುವ ಸಂಗತಿ

ಇಷ್ಟು ಲೆಕ್ಕ ಬಲ್ಲವರೂ ಎಡವುವ ಜಾಗ ಇನ್ನೊಂದಿದೆ. ಮೇಲಿನ ಲೆಕ್ಕ ನಿಮ್ಮ ಬಗ್ಗೆ ಮೊದಲೇ ಏನೂ ಗೊತ್ತಿಲ್ಲ ಅಂದುಕೊಳ್ಳುತ್ತದೆ. ಆದರೆ ಒಂದು ವಿಷಯ ಗೊತ್ತೇ ಇದೆ: ರೇಕ್ ಕಳೆದ ಮೇಲೆ ಹೆಚ್ಚಿನವರು ಸೋಲುತ್ತಾರೆ. ಹಾಗಾಗಿ ‘ಗೆದ್ದಿದ್ದೇನೆ’ ಅನ್ನುವ ಗ್ರಾಫ್ ಯಾರದ್ದೇ ಆದರೂ ಅದನ್ನು ಸ್ವಲ್ಪ ಕೆಳಗೆ ಎಳೆದು ಓದಬೇಕು.

ಎಷ್ಟು ಎಳೆಯಬೇಕು? ಒಂದು ಉದಾಹರಣೆ ಕಟ್ಟಿಕೊಳ್ಳೋಣ. ನೀವು ಆಡುವ ಸ್ಟೇಕ್‌ನಲ್ಲಿ ಎಲ್ಲರ ಸರಾಸರಿ 100ಕ್ಕೆ 5 ಬ್ಲೈಂಡ್ ಸೋಲು, ಒಬ್ಬರಿಗೂ ಇನ್ನೊಬ್ಬರಿಗೂ ಇರುವ ವ್ಯತ್ಯಾಸದ ಅಳತೆ 8 ಬ್ಲೈಂಡ್ ಅಂತಿಟ್ಟುಕೊಳ್ಳಿ. ಇದು ನಾನು ಲೆಕ್ಕಕ್ಕೆ ಹಿಡಿದ ಅಂಕಿ, ಎಲ್ಲಿಯದೋ ಅಂಕಿಅಂಶ ಅಲ್ಲ. 10,000 ಹ್ಯಾಂಡ್‌ನಲ್ಲಿ ನಿಮ್ಮ ಗ್ರಾಫ್ 6 ಬ್ಲೈಂಡ್ ಗೆಲುವು ತೋರಿಸುತ್ತಿದೆ. ನಿಮ್ಮ ಗ್ರಾಫ್‌ಗೆ ಕೊಡಬೇಕಾದ ತೂಕ: 8ರ ವರ್ಗ 64, ಅನಿಶ್ಚಿತತೆ 10ರ ವರ್ಗ 100, ಹಾಗಾಗಿ 164ರಲ್ಲಿ 64 ಪಾಲು, ಅಂದರೆ ಶೇ. 39. ಸರಾಸರಿಯಿಂದ ನೀವು 11 ಬ್ಲೈಂಡ್ ಮೇಲಿದ್ದೀರಿ, ಅದರ ಶೇ. 39 ಅಂದರೆ 4.3. ಮೈನಸ್ 5ಕ್ಕೆ 4.3 ಕೂಡಿಸಿದರೆ ಮೈನಸ್ 0.7. ಗ್ರಾಫ್ 6 ಅನ್ನುತ್ತಿದೆ, ನ್ಯಾಯವಾದ ಅಂದಾಜು ಮಾತ್ರ ಸಣ್ಣ ನಷ್ಟ! ಅದೇ 6 ಬ್ಲೈಂಡ್ ಅನ್ನು 1 ಲಕ್ಷ ಹ್ಯಾಂಡ್ ಆಡಿ ತೋರಿಸಿದರೆ ಗ್ರಾಫ್‌ನ ತೂಕ ಶೇ. 86ಕ್ಕೆ ಏರುತ್ತದೆ, ಅಂದಾಜು ಪ್ಲಸ್ 4.5ಕ್ಕೆ ಬರುತ್ತದೆ. ಅಂಕಿ ಒಂದೇ, ಅರ್ಥ ಬೇರೆ. ನನ್ನನ್ನು ಕೇಳಿದರೆ ಈ ಇಡೀ ವಿಷಯದಲ್ಲಿ ಕಲಿಯಲೇಬೇಕಾದ ಲೆಕ್ಕ ಒಂದಿದ್ದರೆ ಅದು ಇದು.

ಆಡಿದ ಹ್ಯಾಂಡ್‌ಗಳನ್ನೆಲ್ಲ ದಾಖಲಿಸುವ ಟ್ರ್ಯಾಕರ್ ಸಾಫ್ಟ್‌ವೇರ್ ಇಟ್ಟುಕೊಂಡವರು ಇಲ್ಲಿ ‘ಆಲ್-ಇನ್ ಇವಿ’ ಗೆರೆ ತೋರಿಸುತ್ತಾರೆ, ಅಂದರೆ ದುಡ್ಡೆಲ್ಲ ಒಳಗೆ ಹೋದಾಗ ಸಾಧ್ಯತೆಯ ಲೆಕ್ಕದಲ್ಲಿ ನಿಮಗೆ ಬರಬೇಕಿದ್ದ ಪಾಲಿನ ಗೆರೆ. ಪೋಕರ್ ಟ್ರ್ಯಾಕರ್, ಹೋಲ್ಡೆಮ್ ಮ್ಯಾನೇಜರ್‌ನಂಥವು ಗೆಲುವಿನ ಗೆರೆಯ ಪಕ್ಕದಲ್ಲೇ ಇದನ್ನೂ ಎಳೆಯುತ್ತವೆ. ನಿಮ್ಮ ಕೈಯಲ್ಲಿ ಜೋಡಿ ಎಕ್ಕ, ಎದುರಾಳಿಗೆ ಜೋಡಿ ರಾಜ, ಇಬ್ಬರದ್ದೂ 100 ಬ್ಲೈಂಡ್ ಫ್ಲಾಪ್‌ಗೆ (ಟೇಬಲ್ ಮೇಲೆ ತೆರೆಯುವ ಮೊದಲ ಮೂರು ಎಲೆಗಳಿಗೆ) ಮುಂಚೆಯೇ ಒಳಗೆ ಹೋಯಿತು ಅನ್ನಿ. ಎಕ್ಕ ಗೆಲ್ಲುವ ಸಾಧ್ಯತೆ ಶೇ. 82. ಪಾಟ್ 200 ಬ್ಲೈಂಡ್, ಅದರಲ್ಲಿ ನಿಮ್ಮ ನ್ಯಾಯವಾದ ಪಾಲು 164. ಎದುರಾಳಿಗೆ ಮೂರನೇ ರಾಜ ಬಂದು ನೀವು 100 ಕಳೆದುಕೊಂಡರೂ ಇವಿ ಗೆರೆ ನಿಮಗೆ 64 ಬ್ಲೈಂಡ್ ಜಮೆ ಮಾಡುತ್ತದೆ. ನೀವೇ ಗೆದ್ದು 100 ಬಂದರೂ ಅದು ಬರೆದುಕೊಳ್ಳುವುದು 64.

ಒಳ್ಳೆಯ ಸಾಧನ, ಸ್ವಲ್ಪ ಧೂಳು ಖಂಡಿತ ಕಡಿಮೆಯಾಗುತ್ತದೆ. ಆದರೆ ಅದು ಸರಿಪಡಿಸುವುದು ದುಡ್ಡೆಲ್ಲ ಒಳಗೆ ಹೋದ ಮೇಲಿನ ಅದೃಷ್ಟವನ್ನು ಮಾತ್ರ. ನಿಮಗೇ ಎಕ್ಕ ಬಂದು ಅವನಿಗೇ ರಾಜ ಬಂದಿತಲ್ಲ, ಆ ಅದೃಷ್ಟ ಲೆಕ್ಕದಲ್ಲೇ ಇಲ್ಲ. ಈ ತಿಂಗಳು ಅದು ತಿರುಗಾಮುರುಗಾ ಆಗಿದ್ದರೆ ಇವಿ ಗೆರೆಯೂ ನೆಲಕಚ್ಚಿರುತ್ತದೆ. ‘ಇವಿ ಪ್ರಕಾರ ನಾನು ಲಾಭದಲ್ಲಿದ್ದೀನಿ’ ಅನ್ನುವುದು ಸೋತವರಿಗೆ ಸಮಾಧಾನ, ಪುರಾವೆ ಅಲ್ಲ.

ದುಡ್ಡಿಗಿಂತ ಮೊದಲು ಮಾತಾಡುವುದು ಆಟದ ರೀತಿ

ಹಾಗಾದರೆ 20,000 ಹ್ಯಾಂಡ್ ಆಡಿದವರು ಏನೂ ತಿಳಿಯದೆ ಕೂರಬೇಕಾ? ಬೇಕಿಲ್ಲ. ದುಡ್ಡಿನ ಅಂಕಿ ನೆಲೆಗೊಳ್ಳಲು ಲಕ್ಷಗಟ್ಟಲೆ ಹ್ಯಾಂಡ್ ಬೇಕು, ಆಟದ ರೀತಿ ನೆಲೆಗೊಳ್ಳಲು ಅಷ್ಟು ಬೇಡ. ಬಲವಂತದ ಬ್ಲೈಂಡ್ ಬಿಟ್ಟು ನೀವಾಗಿಯೇ ದುಡ್ಡು ಹಾಕಿ ಎಷ್ಟು ಹ್ಯಾಂಡ್ ಆಡುತ್ತೀರಿ ಅನ್ನುವ ಶೇಕಡಾ ಅಂಕಿ ಇದೆಯಲ್ಲ, ವಿಪಿಪ್ ಅಂತಾರೆ, ಅದು 25 ಇದ್ದರೆ 1,000 ಹ್ಯಾಂಡ್‌ಗೇ ಆಚೀಚೆ 3ರ ಒಳಗೆ ಗೊತ್ತಾಗಿಬಿಡುತ್ತದೆ. ಆರು ಜನರ ಟೇಬಲ್‌ನಲ್ಲಿ ಗೆಲ್ಲುವವರು ಸಾಮಾನ್ಯವಾಗಿ 20ರಿಂದ 28ರ ಆಸುಪಾಸಿನಲ್ಲಿರುತ್ತಾರೆ. ನಿಮ್ಮದು 45 ಇದ್ದು, ಗ್ರಾಫ್ 8 ಬ್ಲೈಂಡ್ ಗೆಲುವು ತೋರಿಸುತ್ತಿದ್ದರೆ ನಾನು ನಂಬುವುದು 45 ಅನ್ನು.

ಹಾಗಂತ ಅಂಕಿಯನ್ನು ಸರಿಮಾಡಿಕೊಂಡ ಮಾತ್ರಕ್ಕೆ ಗೆಲ್ಲುವ ಆಟಗಾರ ಆಗುವುದಿಲ್ಲ. 24 ವಿಪಿಪ್ ಇಟ್ಟುಕೊಂಡು ರಿವರ್, ಅಂದರೆ ಟೇಬಲ್ ಮೇಲಿನ ಕೊನೆಯ ಎಲೆ, ಬಂದ ಮೇಲೆ ಪ್ರತಿ ಸಲ ಕಾಲ್ ಮಾಡಿ (ಎದುರಾಳಿಯ ಪಣಕ್ಕೆ ಸಮನಾಗಿ ಹಾಕಿ) ದುಡ್ಡು ಕಳೆಯುವವರು ಬೇಕಾದಷ್ಟು ಜನ ಇದ್ದಾರೆ. ಈ ಅಂಕಿಗಳು ಕೆಟ್ಟ ಆಟವನ್ನು ಬೇಗ ಹಿಡಿದುಕೊಡುತ್ತವೆ. ಒಳ್ಳೆಯ ಆಟಕ್ಕೆ ಪ್ರಮಾಣಪತ್ರ ಕೊಡುವುದಿಲ್ಲ.

ಇನ್ನೊಂದು ಪರೀಕ್ಷೆ ಸುಲಭ. ಆರು ಜನರ ಟೇಬಲ್‌ನಲ್ಲಿ ಒಂದು ಹ್ಯಾಂಡ್ ಕೂಡ ಆಡದೆ ಎಲ್ಲ ಬಿಸಾಕುತ್ತಾ ಕೂತರೂ 6 ಹ್ಯಾಂಡ್‌ಗೆ ಒಂದೂವರೆ ಬ್ಲೈಂಡ್ ಹೋಗುತ್ತದೆ, 100ಕ್ಕೆ 25. ಬಿಗ್ ಬ್ಲೈಂಡ್ ಜಾಗ ಒಂದರಲ್ಲೇ ನೋಡಿದರೆ 100ಕ್ಕೆ 100, ಸ್ಮಾಲ್ ಬ್ಲೈಂಡ್‌ನಲ್ಲಿ 50. ಈ ಎರಡು ಜಾಗಗಳಲ್ಲಿ ಎಲ್ಲರೂ ಸೋಲುತ್ತಾರೆ, ಎಷ್ಟು ಕಡಿಮೆ ಸೋಲುತ್ತಾರೆ ಅನ್ನುವುದೇ ಪ್ರಶ್ನೆ. ಬಿಗ್ ಬ್ಲೈಂಡ್‌ನಲ್ಲಿ ನಿಮ್ಮ ಸೋಲು ಬಹಳ ಕಾಲದಿಂದ 100ರ ಹತ್ತಿರವೇ ನಿಂತಿದ್ದರೆ, ಅಲ್ಲಿ ನೀವು ಆಡಿದ ಆಟಕ್ಕೂ ಆಡದೇ ಇದ್ದದ್ದಕ್ಕೂ ವ್ಯತ್ಯಾಸ ಇಲ್ಲ.

ಆದರೆ ತೀರಾ ಸಣ್ಣದಾಗಿ ಹೆಚ್ಚಿ ನೋಡಲು ಹೋಗಬೇಡಿ. ‘ನನಗೆ ಜೋಡಿ ಗುಲಾಮ ಆಗಿಬರಲ್ಲ’ ಅನ್ನುವವರು ಎಲ್ಲ ಕಡೆ ಸಿಗುತ್ತಾರೆ. ಇಂಥದ್ದೇ ಅಂತ ಒಂದು ನಿರ್ದಿಷ್ಟ ಜೋಡಿ ಬರುವುದು 221 ಹ್ಯಾಂಡ್‌ಗೆ ಒಂದು ಸಲ. 20,000 ಹ್ಯಾಂಡ್ ಆಡಿದವನಿಗೆ ಜೋಡಿ ಗುಲಾಮ ಬಂದಿರುವುದೇ 90 ಸಲ. 90 ಹ್ಯಾಂಡ್‌ನಿಂದ ಏನು ಹೇಳಲಾದೀತು?

‘ನಾನು 100ರಲ್ಲಿ 70 ಸೆಷನ್ ಗೆಲ್ಲುತ್ತೇನೆ’ ಅನ್ನುವ ಮಾತನ್ನೂ ಪಕ್ಕಕ್ಕಿಡಿ. ಸ್ವಲ್ಪ ಗೆದ್ದ ಕೂಡಲೇ ಎದ್ದು, ಸೋತಾಗ ವಾಪಸ್ ಗೆಲ್ಲುವ ಹಟದಲ್ಲಿ ರಾತ್ರಿಯಿಡೀ ಕೂತರೆ ಯಾರಿಗೆ ಬೇಕಾದರೂ ಈ ಅಂಕಿ ಬರುತ್ತದೆ. 70 ಸಣ್ಣ ಗೆಲುವು, 30 ದೊಡ್ಡ ಸೋಲು. ಅದರ ಬದಲು ಪ್ರತಿ ಸೆಷನ್‌ನ ಮೊದಲ ಗಂಟೆಯನ್ನು ಒಂದು ಕಡೆ, ಮೂರನೇ ಗಂಟೆಯ ನಂತರದ್ದನ್ನು ಒಂದು ಕಡೆ ಮಾಡಿ ವಿಪಿಪ್ ಹೋಲಿಸಿ. ಮೊದಲು 24, ಆಮೇಲೆ 33 ಇದ್ದರೆ ಟಿಲ್ಟ್ (ಸೋಲಿನ ಸಿಟ್ಟಿನಲ್ಲಿ ಹಿಡಿತ ತಪ್ಪಿ ಆಡುವುದು) ಅನ್ನುವುದು ನಿಮ್ಮ ಕಣ್ಣಮುಂದೆಯೇ ಅಂಕಿಯಾಗಿ ನಿಂತಿದೆ.

ಟೂರ್ನಮೆಂಟ್ ಆಡುವವರ ಪಾಡು

ಇಲ್ಲಿ ಅಳತೆ ಆರ್‌ಒಐ, ಹಾಕಿದ ದುಡ್ಡಿನ ಮೇಲೆ ಶೇಕಡಾ ಎಷ್ಟು ಬಂತು ಅನ್ನುವುದು. ಬಹುಮಾನವೆಲ್ಲ ಮೇಲಿನ ಕೆಲವು ಜಾಗಗಳಲ್ಲೇ ಗುಡ್ಡೆ ಬಿದ್ದಿರುತ್ತದೆ. 1,000 ಜನರ ಟೂರ್ನಮೆಂಟ್‌ನಲ್ಲಿ ಮೊದಲನೆಯವನಿಗೆ 180 ಬೈ-ಇನ್ (ಪ್ರವೇಶಕ್ಕೆ ಕಟ್ಟುವ ಮೊತ್ತದ 180 ಪಟ್ಟು) ಅಂತಿಟ್ಟುಕೊಂಡು ಲೆಕ್ಕ ಹಾಕಿದರೆ ಒಂದು ಟೂರ್ನಮೆಂಟ್‌ನ ಏರಿಳಿತ ಸುಮಾರು 8 ಬೈ-ಇನ್ ಆಗುತ್ತದೆ. 500 ಟೂರ್ನಮೆಂಟ್ ಆಡಿದ ಮೇಲೂ ಆರ್‌ಒಐ ಆಚೀಚೆ ಶೇ. 70ರಷ್ಟು ಓಲಾಡುತ್ತದೆ. ‘ಆರ್‌ಒಐ ಶೇ. 20 ಇದೆ’ ಅನ್ನುವ ಮಾತು ಅಷ್ಟರಲ್ಲಿ ಏನನ್ನೂ ಸಾಬೀತು ಮಾಡುವುದಿಲ್ಲ. ನಿಮ್ಮ ಅತಿ ದೊಡ್ಡ ಗೆಲುವನ್ನು ತೆಗೆದು ಒಮ್ಮೆ ಲೆಕ್ಕ ಹಾಕಿ. ಅದು ನ್ಯಾಯವಾದ ಅಂದಾಜಲ್ಲ, ಗೆಲುವೂ ನಿಮ್ಮದೇ ತಾನೇ. ಆದರೆ ನಿಮ್ಮ ಲಾಭ ಎಷ್ಟು ಕಂಬಗಳ ಮೇಲೆ ನಿಂತಿದೆ ಅನ್ನುವುದು ತಿಳಿಯುತ್ತದೆ. 9 ಜನರ ಸಿಟ್ ಅಂಡ್ ಗೋ (ಜನ ತುಂಬಿದ ಕೂಡಲೇ ಶುರುವಾಗುವ ಸಣ್ಣ ಟೂರ್ನಮೆಂಟ್), ಮೊದಲ ಮೂವರಿಗೆ 50-30-20 ಹಂಚಿಕೆ ಆದರೆ ಏರಿಳಿತ ಒಂದೂವರೆ ಬೈ-ಇನ್ ಮಾತ್ರ. ಅಲ್ಲಿ 1,000 ಆಟಕ್ಕೆ ಆಚೀಚೆ ಶೇ. 10ರ ಮಟ್ಟಕ್ಕೆ ಬರುತ್ತೀರಿ.

ಇಷ್ಟೆಲ್ಲ ಓದಿ ‘ಹಾಗಾದರೆ ಇದು ಬರೀ ಲಕ್ ಆಟ’ ಅನ್ನಬೇಡಿ. ಸ್ಟೀವನ್ ಲೆವಿಟ್ ಮತ್ತು ಥಾಮಸ್ ಮೈಲ್ಸ್ ಎಂಬ ಅರ್ಥಶಾಸ್ತ್ರಜ್ಞರು 2010ರ ವರ್ಲ್ಡ್ ಸೀರೀಸ್ ಆಫ್ ಪೋಕರ್‌ನ ಫಲಿತಾಂಶಗಳನ್ನು ನೋಡಿದರು. ಮೊದಲೇ ನುರಿತವರು ಅಂತ ಗುರುತಿಸಿಕೊಂಡಿದ್ದವರ ಗುಂಪು ಸರಾಸರಿ ಶೇ. 30ಕ್ಕಿಂತ ಜಾಸ್ತಿ ಗಳಿಸಿತ್ತು, ಉಳಿದವರ ಗುಂಪು ಶೇ. 15ರಷ್ಟು ಕಳೆದುಕೊಂಡಿತ್ತು. ಕೌಶಲ ನಿಜ. ನೂರಾರು ಜನರ ಗುಂಪಿನಲ್ಲಿ ಅದು ಬೇಗ ಕಾಣುತ್ತದೆ, ಒಬ್ಬರ ಗ್ರಾಫ್‌ನಲ್ಲಿ ಕಾಣುವುದು ತಡ.

‘ಸತತ’ ಅಂದರೆ ಎಷ್ಟು ಸತತ?

ಪ್ರತಿ ತಿಂಗಳೂ ಲಾಭ ಬರಬೇಕು ಅಂತ ಕಾಯುವವರು ಈ ಲೆಕ್ಕ ನೋಡಬೇಕು. ನಿಜಕ್ಕೂ 3 ಬ್ಲೈಂಡ್ ಗೆಲ್ಲುವ ಆಟಗಾರ ತಿಂಗಳಿಗೆ 20,000 ಹ್ಯಾಂಡ್ ಆಡಿದರೆ ಮೂರರಲ್ಲಿ ಒಂದು ತಿಂಗಳು ನಷ್ಟವೇ. ವರ್ಷಕ್ಕೆ ನಾಲ್ಕು ತಿಂಗಳು ಕೆಂಪು. ಅದರಲ್ಲಿ ಎರಡು ಮೂರು ಸಾಲಾಗಿ ಬಂದರೂ ಆಶ್ಚರ್ಯ ಇಲ್ಲ.

ಅವನು 20 ಬೈ-ಇನ್, ಅಂದರೆ 2,000 ಬ್ಲೈಂಡ್ ಬಂಡವಾಳ ಇಟ್ಟುಕೊಂಡು, ಸೋತಾಗಲೂ ಸ್ಟೇಕ್ ಇಳಿಸದೆ, ಗೆದ್ದದ್ದನ್ನು ತೆಗೆಯದೆ ಆಡುತ್ತಲೇ ಹೋದರೆ ಎಂದಾದರೊಂದು ದಿನ ಎಲ್ಲ ಕಳೆದುಕೊಳ್ಳುವ ಸಾಧ್ಯತೆ ಸುಮಾರು ಶೇ. 30. 50 ಬೈ-ಇನ್ ಇದ್ದರೆ ಶೇ. 5. ಗೆಲುವಿನ ವೇಗ 1 ಬ್ಲೈಂಡ್ ಮಾತ್ರ ಆಗಿದ್ದರೆ 20 ಬೈ-ಇನ್‌ಗೆ ಅದು ಶೇ. 67. ಗೆಲ್ಲುವ ಆಟಗಾರನೂ ದಿವಾಳಿ ಆಗುತ್ತಾನೆ ಅನ್ನುವುದು ಇಲ್ಲಿ ವಿಚಿತ್ರವೇನಲ್ಲ. ಮನೆ ಖರ್ಚಿನ ದುಡ್ಡು ಆ ಬಂಡವಾಳದೊಳಗೆ ಸೇರಿಕೊಂಡಿದ್ದರೆ ಮಾತ್ರ ಅದು ಬರೀ ಲೆಕ್ಕವಾಗಿ ಉಳಿಯುವುದಿಲ್ಲ.

ಕೊನೆಗೆ ಒಂದು ತೊಡಕು ಉಳಿಯುತ್ತದೆ. ಸ್ಪಷ್ಟತೆಗೆ ಹ್ಯಾಂಡ್‌ಗಳು ಜಾಸ್ತಿ ಬೇಕು, ಜಾಸ್ತಿ ಆಗುವಷ್ಟರಲ್ಲಿ ಹಳೆಯವು ಹಳಸಿರುತ್ತವೆ. 2011ರ ಏಪ್ರಿಲ್ 15ರಂದು ಅಮೆರಿಕದ ಸರ್ಕಾರ ದೊಡ್ಡ ಸೈಟ್‌ಗಳ ಮೇಲೆ ಕ್ರಮ ಕೈಗೊಂಡಾಗ ಅಲ್ಲಿಯ ಆಟಗಾರರು ರಾತ್ರೋರಾತ್ರಿ ಟೇಬಲ್‌ಗಳಿಂದ ಮಾಯವಾದರು. 2015ರ ಸುಮಾರಿಗೆ ಯಾವ ಸನ್ನಿವೇಶದಲ್ಲಿ ಹೇಗೆ ಆಡಬೇಕು ಅಂತ ಲೆಕ್ಕಹಾಕಿ ಹೇಳುವ ಸಾಲ್ವರ್ ಸಾಫ್ಟ್‌ವೇರ್‌ಗಳು ಸಾಮಾನ್ಯರ ಕೈಗೆ ಬಂದವು, ಎದುರಾಳಿಗಳು ಬಿಗಿಯಾದರು. 2009ರ ಗ್ರಾಫ್ ಇಂದಿನ ಟೇಬಲ್ ಬಗ್ಗೆ ಏನೂ ಹೇಳುವುದಿಲ್ಲ. ಅಷ್ಟು ಹಿಂದೆ ಹೋಗುವುದೂ ಬೇಡ, ಎರಡು ವರ್ಷದಲ್ಲಿ ನಿಮ್ಮ ಆಟವೇ ಬದಲಾಗಿರುತ್ತದೆ. ಹಾಗಾಗಿ ಇತ್ತೀಚಿನ 1 ಲಕ್ಷ ಹ್ಯಾಂಡ್, ಒಂದೇ ಸ್ಟೇಕ್, ಒಂದೇ ಬಗೆಯ ಟೇಬಲ್: ಹೆಚ್ಚಿನವರಿಗೆ ಸಿಗಬಹುದಾದ ಒಳ್ಳೆಯ ಸಾಕ್ಷ್ಯ ಇಷ್ಟೇ. ಅದರಲ್ಲಿ 7 ಬ್ಲೈಂಡ್ ಗೆಲುವು ಇದ್ದು, ಆಟದ ರೀತಿಯ ಅಂಕಿಗಳೂ ಹೊಂದಿಕೊಂಡರೆ ಗೆಲ್ಲುವ ಆಟಗಾರ ಅಂತ ಹೇಳಬಹುದು. 2 ಬ್ಲೈಂಡ್ ಇದ್ದರೆ ‘ಇರಬಹುದು’ ಅನ್ನುವುದಕ್ಕಿಂತ ಮುಂದೆ ಹೋಗಲಾಗದು.

ಆ 2 ಬ್ಲೈಂಡ್ ನಿಜವೇ ಅಂತ ಆದರೂ ಸ್ವಲ್ಪ ನೋಡಿ. ಗಂಟೆಗೆ 300 ಹ್ಯಾಂಡ್, ಅಂದರೆ ಗಂಟೆಗೆ 6 ಬ್ಲೈಂಡ್. ಬ್ಲೈಂಡ್ 10 ಸೆಂಟ್‌ನ ಟೇಬಲ್‌ನಲ್ಲಿ ಅದು 60 ಸೆಂಟ್. ಇದು ಸಾಲದು ಅಂತ ಮೇಲಿನ ಸ್ಟೇಕ್‌ಗೆ ಹೋದರೆ ಅಲ್ಲಿ ಕೂತಿರುವವರೇ ಬೇರೆ, ರೇಕ್‌ನ ಭಾರ ಬೇರೆ. ಕೆಳಗಿನ 1 ಲಕ್ಷ ಹ್ಯಾಂಡ್‌ನ ಅಂಕಿ ಅಲ್ಲಿಗೆ ಹಾಗೇ ಹೊಂದುವುದಿಲ್ಲ, ಎಣಿಕೆ ಮತ್ತೆ ಸೊನ್ನೆಯಿಂದ ಶುರು.